ಎಲ್ಲವೂ ಅರಳು-ಮರಳಲ್ಲ

ಅರವತ್ತಕ್ಕೆ ಅರಳು ಮರಳು ಅಂತ ನಮ್ಮಲ್ಲಿ ಒಂದು ಮಾತಿದೆ. ಮಾತೇನೋ ಚೆಂದ, ಪ್ರಾಸವೂ ಕೂಡಿದೆ. ಆದರೆ ಈ ಒಂದು ಮಾತಿನಿಂದ ಎಷ್ಟು ಮಂದಿ ಹಿರಿಯರು ಔಷಧಿ ಇಲ್ಲದೆ ಮೂಲೆ ಸೇರಿದ್ದಾರೋ ಏನೋ ಎಂದು ಈಚೆಗೆ ನಮಗೆ ಅನ್ನಿಸತೊಡಗಿದೆ.

ಧರೂರು ಕಡೆಯ ಒಬ್ಬ ಮುತ್ಯಾನ ಕಥೆ ಕೇಳಿ. ನಮ್ಮ ಶಾಲೆಯ ಹುಡುಗನೊಬ್ಬನ ಅಜ್ಜ, ಎಂಬತ್ತು ದಾಟಿದವರು. ಹೆಂಡತಿ ತೀರಿಕೊಂಡ ಮೇಲೆ ಕಟ್ಟೆಗೆ ಬರುವುದನ್ನೇ ಬಿಟ್ಟರು. ದುಡಿಯಲು ಹೈದರಾಬಾದಿಗೆ ಹೋದ ಮಗ ಹಬ್ಬಕ್ಕೊಮ್ಮೆ ಮುಖ ತೋರಿಸುತ್ತಾನೆ. ಎರಡು-ಮೂರು ತಿಂಗಳಲ್ಲೇ ಊಟ ಇಳಿಯಿತು, ನಸುಕಿನ ಮೂರಕ್ಕೇ ಎಚ್ಚರ, ಇಟ್ಟ ವಸ್ತು ಇಟ್ಟಲ್ಲೇ ಮರೆವು. ಮಾತಾಡಿಸಲು ಹೋದರೆ, “ಏನೂ ನೆನಪ ಉಳಿಯಂಗಿಲ್ರಿ ಮಾಸ್ತರ, ತಲಿ ಖಾಲಿ ಆಗ್ಯಾದ” ಎಂದರು. ಮನೆಯವರು ಅರಳು ಮರಳು ಎಂದು ಸುಮ್ಮನಾದರು. ನಾವೂ ಸುಮ್ಮನಾದೆವು, ಅದನ್ನೂ ಹೇಳಬೇಕು.

ಆಮೇಲೊಂದು ತಪಾಸಣೆ ಶಿಬಿರಕ್ಕೆ ಕರೆದೊಯ್ದರು. ಯಾರು ನಡೆಸಿದ್ದು ಎಂಬುದು ಇಲ್ಲಿ ಬೇಡ. ಇವತ್ತು ಯಾವ ತಾರೀಖು, ಯಾವ ಜಿಲ್ಲೆ, ನೂರರಲ್ಲಿ ಏಳು ಕಳೆದರೆ ಎಷ್ಟು, ಎಲ್ಲ ಪ್ರಶ್ನೆಯೂ ತೆಲುಗಿನಲ್ಲಿ, ಅದೂ ಅವಸರದಲ್ಲಿ. ಮುತ್ಯಾಗೆ ಸಂತೆಯ ತೆಲುಗು ಬರುತ್ತದೆ, ಪರೀಕ್ಷೆಯ ತೆಲುಗು ಬರುವುದಿಲ್ಲ. ಬಹಳಷ್ಟಕ್ಕೆ ಸುಮ್ಮನೆ ಕೂತರು. ಜಿಲ್ಲೆಗೆ ಮಾತ್ರ ಉತ್ತರ ಕೊಟ್ಟರು: ರಾಯಚೂರು! ಚೀಟಿಯ ಮೇಲೆ ಡಿಮೆನ್ಷಿಯಾ ಎಂದು ಬರೆದು ಕಳಿಸಿದರು.

ಉತ್ತರ ತಪ್ಪೇ, ಒಪ್ಪೋಣ. ಆದರೆ ಅವರು ಹುಟ್ಟಿದಾಗ ಅದೇ ಸರಿಯುತ್ತರ. 1956ರ ನವೆಂಬರ್ 1ರವರೆಗೆ ಗದ್ವಾಲ ತಾಲೂಕು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲೇ ಇತ್ತು. ಅಂದಿನಿಂದ ಆಂಧ್ರಪ್ರದೇಶದ ಮಹಬೂಬನಗರ, 2014ಕ್ಕೆ ತೆಲಂಗಾಣ, 2016ರ ಅಕ್ಟೋಬರ್ 11ಕ್ಕೆ ಜೋಗುಳಾಂಬ ಗದ್ವಾಲ. ಕೂತಲ್ಲಿಂದ ಕದಲದೆ ಮೂರು ರಾಜ್ಯ, ಮೂರು ಜಿಲ್ಲೆ ಕಂಡವರು. ಮರೆವಿನ ಕಾಯಿಲೆಯಲ್ಲೂ ಹಳೆಯದೇ ಬಾಯಿಗೆ ಬರುತ್ತದೆ ನಿಜ. ಅದಕ್ಕೇ ನಾವು ಹೇಳುವುದು, ಇಂಥ ತಪ್ಪು ಎಲ್ಲಿಂದ ಬಂತೆಂದು ಕೇಳುವ ಪುರುಸೊತ್ತು ಇರಬೇಕು. 1990ರ ದಶಕದಲ್ಲೇ ಹರಿಯಾಣದ ಬಲ್ಲಭಗಢದಲ್ಲಿ ಸಂಶೋಧಕರು, ಅಕ್ಷರ ಬಾರದ ಹಳ್ಳಿಯ ಹಿರಿಯರಿಗೆ ಹೊಂದುವಂತೆ ಇಂಥ ಪ್ರಶ್ನೆಗಳನ್ನು ಹಿಂದಿಯಲ್ಲಿ ಹೊಸದಾಗಿ ರೂಪಿಸಿದ್ದರು. ನಮ್ಮ ಮುತ್ಯಾಗೆ ಕನ್ನಡದಲ್ಲಿ ಕೇಳಿ ಎನ್ನುವುದು ಭಾಷಾಭಿಮಾನದ ಜಗಳವಲ್ಲ.

ಈ ಮುತ್ಯಾಗೆ ಇದ್ದದ್ದು ಮುಖ್ಯವಾಗಿ ಖಿನ್ನತೆ. ಮುದಿವಯಸ್ಸಿನ ಖಿನ್ನತೆ ಅಳುವಿನ ರೂಪದಲ್ಲೇ ಬರಬೇಕೆಂದಿಲ್ಲ. ಮರೆವಾಗಿ, ಮೈನೋವಾಗಿ, ಮೌನವಾಗಿ ಬರುತ್ತದೆ. ಇದರಲ್ಲಿ ಮರೆವು ಕೆಲವೇ ವಾರ-ತಿಂಗಳುಗಳಲ್ಲಿ ಕಾಣಿಸುತ್ತದೆ, ಮತ್ತು ಆ ಮನುಷ್ಯ ತಾನೇ ‘ನನಗೆ ನೆನಪಿಲ್ಲ’ ಎಂದು ಗೋಳಾಡುತ್ತಾನೆ. ಡಿಮೆನ್ಷಿಯಾ ಸಾಮಾನ್ಯವಾಗಿ ವರ್ಷಗಟ್ಟಲೆ ಮೆಲ್ಲಗೆ ಏರುತ್ತದೆ. ಅನೇಕರಿಗೆ ತಾವು ಮರೆಯುತ್ತಿದ್ದೇವೆ ಎಂಬುದೇ ತಿಳಿಯುವುದಿಲ್ಲ, ಮನೆಯವರು ಹೇಳಬೇಕು. ಇದು ಗೆರೆ ಕೊರೆದ ಹಾಗೆ ಅಲ್ಲ, ಎರಡೂ ಒಟ್ಟಿಗೇ ಇರಬಹುದು. ವೈದ್ಯರೇ ನೋಡಬೇಕು. ಥೈರಾಯ್ಡ್ ಮತ್ತು ಬಿ12 ವಿಟಮಿನ್ ಕೊರತೆಯಿಂದಲೂ ಮರೆವು ಬರುತ್ತದೆ, ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ.

ಹಾಗಾದರೆ ಖಿನ್ನತೆಯಿಂದ ಡಿಮೆನ್ಷಿಯಾ ಬರುತ್ತದೆಯೇ? ತಿಳಿದವರಲ್ಲೇ ಎರಡು ಮಾತಿದೆ. ಲಂಡನ್ನಿನ ಸರ್ಕಾರಿ ನೌಕರರು ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು 28 ವರ್ಷ ಹಿಂಬಾಲಿಸಿದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಡುವಯಸ್ಸಿನ ಖಿನ್ನತೆಗೂ ಡಿಮೆನ್ಷಿಯಾಕ್ಕೂ ನಂಟು ಕಾಣಲಿಲ್ಲ. ಕಾಯಿಲೆ ಪತ್ತೆಯಾಗುವ ಸುಮಾರು ಒಂದು ದಶಕ ಮುಂಚಿನ ಖಿನ್ನತೆಗೆ ಮಾತ್ರ ನಂಟಿತ್ತು. ಅಂದರೆ ಅದು ಕಾಯಿಲೆಯ ಮೊದಲ ನೆರಳೇ ಇರಬಹುದು. ಆದರೆ 2023ರಲ್ಲಿ ಬಂದ ಡೆನ್ಮಾರ್ಕಿನ ಅಧ್ಯಯನ, 14 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿ, ಖಿನ್ನತೆ ಯಾವ ವಯಸ್ಸಿನಲ್ಲಿ ಬಂದಿದ್ದರೂ ಡಿಮೆನ್ಷಿಯಾದ ಅಪಾಯ ಎರಡು ಪಟ್ಟಿಗಿಂತ ಹೆಚ್ಚು ಎಂದಿತು. ಕಾರಣವೋ ಮುನ್ಸೂಚನೆಯೋ, ವಾದ ನಡೆಯಲಿ. ಹೇಗಿದ್ದರೂ ಮನೆಯವರಿಗೆ ಕೆಲಸ ಒಂದೇ, ಖಿನ್ನತೆಗೆ ಚಿಕಿತ್ಸೆ ಕೊಡಿಸುವುದು. ಲ್ಯಾನ್ಸೆಟ್ ಆಯೋಗದ 2024ರ ವರದಿ ಪಟ್ಟಿ ಮಾಡಿದ, ನಾವು ಬದಲಿಸಬಹುದಾದ 14 ಅಪಾಯಗಳಲ್ಲಿ ಖಿನ್ನತೆ ಒಂದು. ಕಿವಿ ಮಂದವಾಗುವುದು, ಒಂಟಿತನ, ಶಾಲೆ ಕಲಿಯದಿರುವುದು ಕೂಡ ಅದರಲ್ಲಿವೆ. ನಮ್ಮ ಹಳ್ಳಿಗಳ ಪಡಸಾಲೆಯಲ್ಲಿ ಈ ನಾಲ್ಕೂ ಒಬ್ಬರಲ್ಲೇ ಸಿಗುತ್ತವೆ.

ಕಡೆಗೆ ಮಗ ಬಂದು ರಾಯಚೂರಿನಲ್ಲಿ ಒಬ್ಬ ವೈದ್ಯರಿಗೆ ತೋರಿಸಿದ. ಅವರು ಕನ್ನಡದಲ್ಲೇ ಅರ್ಧ ತಾಸು ಮಾತಾಡಿಸಿದರು. ಖಿನ್ನತೆಗೆ ಗುಳಿಗೆ, ಬಿ12 ಸೂಜಿ, ಕಿವಿಗೆ ಯಂತ್ರ. ಗುಳಿಗೆ ಹತ್ತಲು ಕೆಲವು ವಾರ ಬೇಕು, ನಡುವೆ ಬಿಡಬಾರದು ಎಂದು ಎರಡೆರಡು ಸಲ ಹೇಳಿ ಕಳಿಸಿದರಂತೆ. ಈ ಮಾತು ಬಹಳ ಮನೆಗಳಿಗೆ ಬೇಕು. ವಾರಕ್ಕೇ ಗುಣ ಕಾಣಲಿಲ್ಲವೆಂದು ಗುಳಿಗೆ ಎಸೆದವರನ್ನು ನಾವು ನೋಡಿದ್ದೇವೆ. ಹತ್ತಿರ ವೈದ್ಯರಿಲ್ಲದವರು ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಫೋನ್ ಮಾಡಬಹುದು. ಕೇಂದ್ರ ಸರ್ಕಾರ 2022ರಲ್ಲಿ ತೆರೆದ ಉಚಿತ ಸೇವೆ ಅದು. ಕನ್ನಡವೂ ಇದೆ, ತೆಲುಗೂ ಇದೆ.

ನಮ್ಮ ಪಾಲಕರ ಸಭೆಗೆ ಈಗ ಬರುವವರು ಹೆಚ್ಚಾಗಿ ಅಜ್ಜ-ಅಜ್ಜಿಯರೇ. ಯಾರು ಬರುವುದು ನಿಲ್ಲಿಸಿದರು ಎಂಬುದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ನಮಗೆ. ಹಾಜರಿ ಹಾಕುವ ನಾವು ಆ ಹೆಸರಿನ ಮುಂದೆಯೂ ಒಂದು ಗುರುತು ಹಾಕಿಕೊಂಡು, ಮನೆಗೊಮ್ಮೆ ಹೋಗಿ ಬಂದರೆ ನಮಗೇನೂ ನಷ್ಟವಿಲ್ಲ.

ಮುತ್ಯಾ ಈಗ ಕಟ್ಟೆಗೆ ಬರುತ್ತಾರೆ. ಹೆಸರುಗಳು ಇನ್ನೂ ತಪ್ಪುತ್ತವೆ. ಇಂಥ ಖಿನ್ನತೆ ಇಳಿದ ಮೇಲೂ ಕೆಲವರಿಗೆ ಮುಂದೆ ಡಿಮೆನ್ಷಿಯಾ ಬರುವುದುಂಟು, ಆರು ತಿಂಗಳಿಗೊಮ್ಮೆ ತೋರಿಸಿ ಎಂದಿದ್ದಾರೆ ವೈದ್ಯರು. ಮೊನ್ನೆ ತಮಾಷೆಗೆ ನಿಮ್ಮ ಜಿಲ್ಲಾ ಯಾವುದು ಎಂದು ಕೇಳಿದರೆ, “ಯಾವಾಗಿನದು ಹೇಳ್ಲಿ ಮಾಸ್ತರ?” ಎಂದರು. ಮುಂದಿನ ಸಲ ರಾಯಚೂರಿಗೆ ಹೋಗುವ ಹೊತ್ತಿಗೆ ಮಗನಿಗೆ ರಜೆ ಸಿಗುವುದು ಅನುಮಾನ. ಸಿಗದಿದ್ದರೆ ನಮ್ಮಲ್ಲೊಬ್ಬರು ಜೊತೆಗೆ ಹೋಗುವುದೆಂದು ಮಾತಾಗಿದೆ.