ಕಿವಿ ಸರಿಯಿದೆ, ಕೊಠಡಿ ಸರಿಯಿಲ್ಲ

ಗಣಪತಿ ಮೆರವಣಿಗೆಗೆ ಡಿಜೆ ಬೇಕೇ ಬೇಡವೇ ಎಂಬ ಜಗಳ ಈ ವಾರವೂ ಮುಗಿಯಲಿಲ್ಲ. ಎರಡೂ ಕಡೆಯವರ ವಾದ ಓದಿದ್ದೀರಿ, ಮತ್ತೆ ಹೇಳುವುದಿಲ್ಲ. ನನಗೆ ಸಿಟ್ಟು ಬಂದದ್ದು ಬೇರೊಂದು ಕಾಗದ ನೋಡಿ. ಎರಡನೇ ತರಗತಿಯಲ್ಲಿರುವ ತಂಗಿಯ ಮಗನ ಪ್ರಗತಿ ಪತ್ರದ ಷರಾದಲ್ಲಿ ಕೆಂಪು ಶಾಯಿಯ ಒಂದೇ ಸಾಲು: "ಗಮನವಿಲ್ಲ. ಹೇಳಿದ್ದು ಕೇಳುವುದಿಲ್ಲ."

ಹುಡುಗನಿಗೆ ಮಾತು ತಡವಾಗಿ ಬಂತು. ಭಾಷೆ ಈಗಲೂ ನಿಧಾನ. ಎರಡು ಸಲ ಕಿವಿ ಪರೀಕ್ಷೆಯಾಗಿದೆ. ಎರಡು ಸಲವೂ "ನಾರ್ಮಲ್". ಆದರೆ ಆ ಪರೀಕ್ಷೆ ನಡೆಯುವುದು ಹೊರಗಿನ ಸದ್ದು ನುಸುಳದ ಕೋಣೆಯಲ್ಲಿ, ಒಂದೊಂದೇ ಬೀಪ್ ಕೇಳಿಸಿ. ಗದ್ದಲದ ನಡುವೆ ಮಾತು ಎಷ್ಟು ತಿಳಿಯುತ್ತದೆ ಎಂದು ನೋಡುವ ಪರೀಕ್ಷೆ ಬೇರೆಯೇ ಇದೆ. ಅದನ್ನು ಕೇಳಿ ಮಾಡಿಸಿಕೊಳ್ಳಬೇಕು.

ಅನುಮತಿ ಪಡೆದು ಮಂಗಳವಾರ ಅವನ ಹಿಂದಿನ ಬೆಂಚಿನಲ್ಲಿ ಒಂದು ಪೀರಿಯಡ್ ಕೂತೆ. ತಗಡಿನ ಚಾವಣಿ, ಬೋಳು ಗೋಡೆ, ಕಿರುಗುಟ್ಟುವ ಫ್ಯಾನ್, ಪಕ್ಕದ ಕೊಠಡಿಯ ಮಗ್ಗಿ, ಹೊರಗೆ ಬಸ್ಸಿನ ಹಾರ್ನ್. ಮೇಡಂ ಬೋರ್ಡಿನತ್ತ ತಿರುಗಿಯೇ ಏನೋ ಹೇಳಿದರು. ಹುಡುಗ ಪಕ್ಕದವನ ಪುಸ್ತಕ ನೋಡಿಕೊಂಡು ಪುಟ ತಿರುವಿದ. ಕಿವಿಗೆ ಸಿಗದ್ದನ್ನು ಕಣ್ಣಿನಿಂದ ಹಿಡಿಯಲು ಹೆಣಗುವ ಮಗುವಿಗೆ ಗಮನವಿಲ್ಲವಂತೆ!

ಗದ್ದಲ ಮೊದಲು ನುಂಗುವುದು ವ್ಯಂಜನಗಳನ್ನು. ಸ್ವರ ಗಟ್ಟಿ, ವ್ಯಂಜನ ತೆಳು. 'ಕಲ್ಲು', 'ಹಲ್ಲು' ಎರಡೂ 'ಅಲ್ಲು' ಆಗಿಬಿಡುತ್ತವೆ. ಕನ್ನಡದಲ್ಲಂತೂ ಅರ್ಥದ ಗಂಟು ಇರುವುದು ಪದದ ಬಾಲದಲ್ಲಿ: 'ಬರೆದರೆ', 'ಬರೆದರೂ'; 'ಮನೆಗೆ', 'ಮನೆಯಿಂದ'. ಕಳೆದುಹೋದ ತುಂಡನ್ನು ನಾವು ಊಹೆಯಿಂದ ತುಂಬಿಕೊಳ್ಳುತ್ತೇವೆ, ಏಕೆಂದರೆ ಭಾಷೆ ನಮ್ಮೊಳಗೆ ಬೇರುಬಿಟ್ಟಿದೆ. ಭಾಷೆಯೇ ಇನ್ನೂ ಕೂಡಿಬರದ ಮಗು ಯಾವುದರಿಂದ ತುಂಬಿಕೊಳ್ಳಬೇಕು? ಆಟಿಸಂ ಇರುವ ಮಗು? ಕಿರುಚಿ ಹೇಳಿದರೂ ಫಲವಿಲ್ಲ, ಉಬ್ಬುವುದು ಸ್ವರವೇ.

ಮಲೆನಾಡಿನ ನಮ್ಮ ಶಾಲೆಯದೂ ತಗಡಿನ ಮಾಡು. ಮಳೆ ಹೊಡೆಯಲು ಶುರುವಾದರೆ ನಮ್ಮ ಮೇಷ್ಟ್ರು ಮಾತು ನಿಲ್ಲಿಸಿ, ಪಾಠವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಆಮೇಲೆ ಬೆಂಚಿನಿಂದ ಬೆಂಚಿಗೆ ಬಂದು, ಬಗ್ಗಿ, ಮುಖ ನೋಡಿ ಹೇಳಿಕೊಡುತ್ತಿದ್ದರು. ತಜ್ಞರು ಇಂದು ಹೇಳುವುದೂ ಇದನ್ನೇ: ಹತ್ತಿರ ಬನ್ನಿ, ಮುಖ ತೋರಿಸಿ, ತುಸು ತಡೆದು ಹೇಳಿ, ಬರೆದು ತೋರಿಸಿ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ದನಿ 6 ಡೆಸಿಬಲ್ ಇಳಿಯುತ್ತದೆ. ಅದಕ್ಕೇ ಶಿಕ್ಷಕರ ಕೊರಳ ಬಳಿ ಪುಟ್ಟ ಮೈಕ್, ಮಗುವಿನ ಕಿವಿಯಲ್ಲಿ ರಿಸೀವರ್ ಇಡುವ ಸಾಧನ ಬಂದಿದೆ. ಕಿವುಡಿಲ್ಲದ, ಆದರೆ ಗದ್ದಲದಲ್ಲಿ ತಡಕಾಡುವ ಮಕ್ಕಳಿಗೂ ಅದು ನೆರವಾಗುತ್ತದೆ. ಇದನ್ನೆಲ್ಲ ತಿಳಿಯಲು ವಿದೇಶಕ್ಕೆ ಹೋಗಬೇಕಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಅದು ಹುಟ್ಟಿದ್ದು 1965ರಲ್ಲಿ.

ನನ್ನ ಹಳೆಯ ತಕರಾರನ್ನು ಇನ್ನೊಮ್ಮೆ ಹೇಳುತ್ತೇನೆ: ಶಾಲೆ ಕಟ್ಟುವಾಗ ನಾವು ಕಿವಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ತರಗತಿಯ ಹಿನ್ನೆಲೆ ಸದ್ದು 35 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿತು. ನಮ್ಮದೇ 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ಶಾಲೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯಕ್ಕೆ ಅವಕಾಶವಿದೆ. ಅಲ್ಲಿ ಹಗಲಿನ ಮಿತಿ 50 ಡೆಸಿಬಲ್. ಫಲಕ ನೆಡುತ್ತೇವೆ, ಅದರ ಕೆಳಗೇ ಹಾರ್ನ್ ಒತ್ತುತ್ತೇವೆ. ಡಿಜೆ ಕೆಲವು ದಿನಗಳದ್ದು. ಒಂದರಿಂದ ಐದನೇ ತರಗತಿಯವರೆಗೆ ಶಾಲೆ ವರ್ಷಕ್ಕೆ ಕನಿಷ್ಠ 200 ದಿನ ನಡೆಯಬೇಕೆಂದು ಕಾನೂನಿದೆ. ಆ 200 ದಿನಗಳ ಗದ್ದಲಕ್ಕೆ ಯಾರೂ ಜಗಳ ತೆಗೆಯುವುದಿಲ್ಲ.

ನಾನು ಕೂತಿದ್ದ ಕೊಠಡಿಯಲ್ಲಿ ಹೊಸ ಸ್ಮಾರ್ಟ್ ಬೋರ್ಡ್ ಬಂದಿದೆ. ಕಿಟಕಿಗೆ ದಪ್ಪ ಪರದೆಯಿಲ್ಲ, ಬೆಂಚಿನ ಕಾಲಿಗೆ ರಬ್ಬರಿಲ್ಲ, ಹುಡುಗನಿಗೆ ಮುಂದಿನ ಸಾಲಿನಲ್ಲಿ ಜಾಗವೂ ಇಲ್ಲ.

ಪ್ರಗತಿ ಪತ್ರದ ಕೊನೆಯಲ್ಲಿ ಪೋಷಕರ ಅಭಿಪ್ರಾಯಕ್ಕೆಂದು ಎರಡು ಗೆರೆ ಬಿಟ್ಟಿರುತ್ತಾರೆ. ಬರೀ ಸಹಿ ಹಾಕಲು ಹೊರಟಿದ್ದ ತಂಗಿಯನ್ನು ತಡೆದು, ಬರೆಸಿ ಕಳಿಸಿದೆ: "ಮಗು ಕಿವಿಗೊಟ್ಟೇ ಕೂತಿದೆ. ಮೊದಲು ಫ್ಯಾನ್ ರಿಪೇರಿ ಮಾಡಿಸಿ."