ಬಾಗಿಲ ಮೇಲಿನ ಬೋರ್ಡ್ ಓದೋಣ

ನಾವು ನಾಲ್ಕು ಜನ ಒಂದೇ ಹಾಸ್ಟೆಲ್ ರೂಮಿನವರು. ಒಬ್ಬ ಕೊಪ್ಪಳ, ಒಬ್ಬ ಗಂಗಾವತಿ, ಒಬ್ಬ ಕುಷ್ಟಗಿ, ಒಬ್ಬ ಯಲಬುರ್ಗಾ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕಾಗುಣಿತ ತಪ್ಪಿದ್ರೆ ನೀವೇ ತಿದ್ಕೊಂಡು ಓದಿ. ನಾವು ಹೇಳಬೇಕು ಅಂದ್ಕೊಂಡಿರೋದು ನಮ್ಮ ಕಡೆಯ ದವಾಖಾನೆಗಳ ತಪಾಸಣೆ ಬಗ್ಗೆ.

ಕಳೆದ ಸೆಮ್ ರಜೆಯಲ್ಲಿ ನಮ್ಮ ಯಲಬುರ್ಗಾ ಗೆಳೆಯನ ಅಜ್ಜಿಗೆ ಜ್ವರ ಬಂತು. ಊರಲ್ಲಿ ಇರೋದು ಒಂದೇ ಕೋಣೆಯ ದವಾಖಾನೆ. ಗೋಡೆಗೆ ಹೊಡೆದ ಮೊಳೆಗೆ ಬಾಟ್ಲಿ ತೂಗುಹಾಕಿ ಸಲೈನ್ ಹಚ್ಚಿದ್ರು, ತೋಳಿಗೆ ಒಂದು ಸೂಜಿ ಮಾಡಿ ಕಳಿಸಿದ್ರು. ಜ್ವರ ಇಳೀತು. ಆದರೆ ನಾಲ್ಕು ದಿನಕ್ಕೆ ಆ ತೋಳು ಬಾತು ಕೀವಾಯ್ತು. ಕೊಪ್ಪಳಕ್ಕೆ ಕರ್ಕೊಂಡು ಹೋಗಿ ಕೊಯ್ಸಿ ಕೀವು ತೆಗೆಸಬೇಕಾಯ್ತು. ಜೀವಕ್ಕೇನೂ ಆಗಲಿಲ್ಲ, ಆದರೆ ಇವತ್ತಿಗೂ ಆ ಕೈ ಭುಜದ ಮೇಲೆ ಏಳಲ್ಲ.

ಗೆಳೆಯ ಸಿಟ್ಟಲ್ಲಿ ದೂರು ಕೊಡ್ತೀನಿ ಅಂದ. ತಡೆದಿದ್ದು ಅಜ್ಜಿನೇ. "ಯಪ್ಪಾ, ರಾತ್ರಿ ಹತ್ತಕ್ಕ ಬಾಗ್ಲಾ ಬಡದ್ರೂ ತೆಗೀತಾನ ಆಂವ. ರೊಕ್ಕ ಇಲ್ಲಂದ್ರ ಸುಗ್ಗಿಗೆ ಕೊಡು ಅಂತಾನ. ಆಂವನ್ನೂ ಓಡ್ಸಿದ್ರ ನಾವ್ ಎಲ್ಲಿಗೆ ಹೋಗೂಣು?"

ಆ ಪ್ರಶ್ನೆಗೆ ಅವತ್ತು ನಮ್ಮ ನಾಲ್ವರ ಹತ್ರಾನೂ ಉತ್ತರ ಇರಲಿಲ್ಲ. ವಾಪಸ್ ಬಂದ ಮೇಲೆ ಸ್ವಲ್ಪ ಓದಿದ್ವಿ.

ಕಾನೂನು ಇಲ್ಲ ಅಂತೇನಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದ್ರೆ ಎಲ್ಲರೂ ಕೆಪಿಎಂಇ ಅನ್ನೋದು, 2007ರದ್ದು. ಒಂದು ಕೋಣೆಯ ಕ್ಲಿನಿಕ್ ಆಗ್ಲಿ, ಲ್ಯಾಬ್ ಆಗ್ಲಿ, ನೂರು ಬೆಡ್ಡಿನ ಆಸ್ಪತ್ರೆ ಆಗ್ಲಿ, ನೋಂದಣಿ ಕಡ್ಡಾಯ. ಜಿಲ್ಲೆಯ ನೋಂದಣಿ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. ದೂರು ಕೇಳಬೇಕಾದವರೂ ಇವರೇ. ಒಮ್ಮೆ ನೋಂದಣಿ ಆದ್ರೆ ಐದು ವರ್ಷ ನಡೆಯುತ್ತೆ. 2024ರಲ್ಲಿ ಸರ್ಕಾರ ಇನ್ನೊಂದು ಸೂಚನೆ ಹೊರಡಿಸಿತು: ನೋಂದಣಿ ಸಂಖ್ಯೆ, ಆಸ್ಪತ್ರೆ ಹೆಸರು, ಮಾಲೀಕರ ಹೆಸರು ಎದುರಿಗೇ ಕಾಣುವಂತೆ ಬೋರ್ಡ್ ಹಾಕಬೇಕು. ಅಲೋಪತಿಗೆ ನೀಲಿ ಬೋರ್ಡ್, ಆಯುರ್ವೇದಕ್ಕೆ ಹಸಿರು.

ಈಗ ನಮ್ಮ ಗಂಗಾವತಿ ಗೆಳೆಯ ಹೇಳಿದ ಮಾತು ಕೇಳಿ. ಅವರ ಊರ ತುಂಬ ಅಕ್ಕಿ ಮಿಲ್ಲುಗಳು, ಕುಸುಬಲಕ್ಕಿ ಮಾಡೋ ಮಿಲ್ಲಲ್ಲಿ ಬಾಯ್ಲರ್ ಇರುತ್ತೆ. ಬಾಯ್ಲರ್‌ಗೆ ಸಾಮಾನ್ಯವಾಗಿ ಹನ್ನೆರಡು ತಿಂಗಳಿಗಿಂತ ಹೆಚ್ಚಿನ ಸರ್ಟಿಫಿಕೇಟ್ ಕೊಡಲ್ಲ. ಅವಧಿ ಮುಗಿದ ಮೇಲೆ ಮತ್ತೆ ಪರೀಕ್ಷೆ ಆಗಲೇಬೇಕು, ಇಲ್ಲಾಂದ್ರೆ ಬೆಂಕಿ ಹಚ್ಚೋ ಹಾಗಿಲ್ಲ. ಭತ್ತ ಬೇಯಿಸೋ ಬಾಯ್ಲರ್‌ಗೆ ಒಂದು ವರ್ಷ, ಮನುಷ್ಯರಿಗೆ ಸೂಜಿ ಚುಚ್ಚೋ ಕೋಣೆಗೆ ಐದು ವರ್ಷ. ನಡುವೆ ಯಾರಾದ್ರೂ ದೂರು ಕೊಟ್ರೆ ಬರ್ತಾರೆ, ಪೇಪರಲ್ಲಿ ಸುದ್ದಿ ಆದ್ರೆ ಬರ್ತಾರೆ. ಅಷ್ಟು ಸಾಕಾ?

ಕ್ಲಿನಿಕ್ಕಿನಲ್ಲಿ ನೋಡಬೇಕಾದ್ದು ದೊಡ್ಡ ರಾಕೆಟ್ ಸೈನ್ಸ್ ಏನಲ್ಲ. ಥರ್ಮೋ ಲ್ಯಾಬಿನಲ್ಲಿ ಸ್ಟೀಮ್ ಟೇಬಲ್ ತೆಗೆದು ನೋಡಿ. ಗೇಜ್‌ನಲ್ಲಿ 15 ಪಿಎಸ್ಐ ಒತ್ತಡ ಅಂದ್ರೆ ಹಬೆ ಸುಮಾರು 121 ಡಿಗ್ರಿ. ಆ ಬಿಸಿಯಲ್ಲಿ ಕನಿಷ್ಠ 15 ನಿಮಿಷ ಇಟ್ರೆ ಗಟ್ಟಿಮುಟ್ಟಾದ ಬ್ಯಾಕ್ಟೀರಿಯಾ ಬೀಜಕಗಳೂ ಸಾಯ್ತವೆ. ಆಟೋಕ್ಲೇವ್ ಮಾಡೋದು ಇದನ್ನೇ. ಬರೀ ಪಾತ್ರೆಯಲ್ಲಿ ನೀರು ಕುದಿಸಿದ್ರೆ 100 ದಾಟಲ್ಲ, ಬೀಜಕಗಳು ಉಳ್ಕೊಳ್ತವೆ. ಕಸದ ನಿಯಮ 2016ರದ್ದು: ರಕ್ತ ಮೆತ್ತಿದ ಹತ್ತಿ ಹಳದಿ ಚೀಲಕ್ಕೆ, ಸಲೈನ್ ಪೈಪ್ ಕೆಂಪಿಗೆ, ಸೂಜಿ ತೂತಾಗದ ಬಿಳಿ ಡಬ್ಬಿಗೆ, ಗಾಜು ನೀಲಿಗೆ. ಎಕ್ಸ್‌ರೇ ಮಷಿನ್ ಇದ್ರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಇಷ್ಟನ್ನು ನೋಡೋಕೆ ಅರ್ಧ ಗಂಟೆ ಸಾಕು. ನೋಡದೇ ಬಿಟ್ರೆ ಏನಾಗುತ್ತೆ ಅನ್ನೋದಕ್ಕೆ ಉತ್ತರ ಪ್ರದೇಶದ ಬಾಂಗರಮೌ ಇದೆ. ಅಲ್ಲಿ 2018ರಲ್ಲಿ ಹತ್ತಾರು ಜನರಿಗೆ ಎಚ್‌ಐವಿ ಇರೋದು ಪತ್ತೆಯಾಯ್ತು. ಒಂದೇ ಸೂಜಿಯನ್ನು ಎಲ್ಲರಿಗೂ ಬಳಸ್ತಿದ್ದ ನಕಲಿ ವೈದ್ಯನ ಮೇಲೆ ಆರೋಪ ಬಂತು.

ಹಾಗಂತ ತಪಾಸಣೆ ಅಂದ ತಕ್ಷಣ ನಾವು ಚಪ್ಪಾಳೆ ಹೊಡೆಯಲ್ಲ. ತಪಾಸಣೆ ಹೇಗೆ ನಡೆಯುತ್ತೆ ಅಂತ ನಮಗೂ ಗೊತ್ತು, ನಿಮಗೂ ಗೊತ್ತು. ಕಮಿಟಿ ಬರ್ತಿದೆ ಅಂದ್ರೆ ಯಾವ ಕಾಲೇಜಲ್ಲಾದ್ರೂ ಹಿಂದಿನ ವಾರ ಪೇಂಟ್ ಆಗುತ್ತೆ, ಕುಂಡಗಳು ಬರ್ತವೆ, ಕೆಟ್ಟ ಫ್ಯಾನು ತಿರುಗುತ್ತೆ. ಎಕ್ಸ್‌ಟರ್ನಲ್ ಬರೋ ಹಿಂದಿನ ರಾತ್ರಿ ಇಡೀ ಸೆಮ್ಮಿನ ರೆಕಾರ್ಡ್ ಬರೆದವರು ಯಾರು? ನಾವೇ. ಮೊದಲೇ ತಿಳಿಸಿ ಬರೋ ತಪಾಸಣೆಯಿಂದ ಗೊತ್ತಾಗೋದು ಒಂದೇ: ಆ ಒಂದು ದಿನ ಹೇಗಿತ್ತು ಅಂತ. ಅಜ್ಜಿಗೆ ಸೂಜಿ ಮಾಡಿದ್ದು ಉಳಿದ 364 ದಿನಗಳಲ್ಲಿ ಒಂದು ದಿನ.

ವೈದ್ಯರ ಕಡೆಯಿಂದಲೂ ನ್ಯಾಯ ಇದೆ. 2017ರ ನವೆಂಬರಿನಲ್ಲಿ ಕೆಪಿಎಂಇ ತಿದ್ದುಪಡಿ ವಿರೋಧಿಸಿ ರಾಜ್ಯದ ಖಾಸಗಿ ವೈದ್ಯರು ಓಪಿಡಿ ಬಂದ್ ಮಾಡಿದ್ದು ನೆನಪಿರಬಹುದು, ನಾವಾಗ ಇನ್ನೂ ಸ್ಕೂಲ್ ಹುಡುಗರು. ಜೈಲು ಶಿಕ್ಷೆಯ ಮಾತು ಅವರನ್ನು ಕೆರಳಿಸಿತ್ತು. ಅದರ ಜೊತೆ ಅವರದ್ದೊಂದು ಪ್ರಶ್ನೆ ಇತ್ತು: ಸರ್ಕಾರಿ ಆಸ್ಪತ್ರೆಗೆ ಯಾಕೆ ಈ ಕಾನೂನಿಲ್ಲ? ಮುಷ್ಕರದಿಂದ ರೋಗಿಗಳಿಗೆ ಆದ ತೊಂದರೆಯನ್ನು ನಾವು ಒಪ್ಪಲ್ಲ, ಆದರೆ ಪ್ರಶ್ನೆ ಸರಿಯಾಗೇ ಇದೆ. 2024ರ ನವೆಂಬರಿನಲ್ಲಿ ಪಕ್ಕದ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಹೋದ್ರು. ಅದು ಸರ್ಕಾರಿ ಆಸ್ಪತ್ರೆ. ಅನುಮಾನ ಬಿದ್ದಿದ್ದು ಸರ್ಕಾರವೇ ಪೂರೈಸಿದ ರಿಂಗರ್ ಲ್ಯಾಕ್ಟೇಟ್ ಬಾಟ್ಲಿಗಳ ಮೇಲೆ. ರಾಜ್ಯದ ಔಷಧ ನಿಯಂತ್ರಕರು ಅಮಾನತಾದ್ರು. ಅಮಾನತು ಆಗಿದ್ದು ತಾಯಂದಿರು ಹೋದ ಮೇಲೆ. ಸರ್ಕಾರಿ ಆಸ್ಪತ್ರೆಗಳಿಗೆ ರಾಷ್ಟ್ರೀಯ ಗುಣಮಟ್ಟ ಮಾನದಂಡ ಇದೆ, ಶೇ 70 ಅಂಕ ಬಂದ್ರೆ ಪ್ರಮಾಣಪತ್ರ ಸಿಗುತ್ತೆ. ನಮ್ಮೂರ ಆಸ್ಪತ್ರೆಗೆ ಎಷ್ಟು ಅಂಕ ಬಂತು ಅಂತ ಅಲ್ಲಿ ಚೀಟಿ ಮಾಡಿಸೋ ಅಜ್ಜಿಗೆ ಯಾರು ಹೇಳ್ತಾರೆ?

ನಮಗೆ ಅನ್ನಿಸಿದ್ದು ಇಷ್ಟು. ಒಂದು, ತಪಾಸಣೆ ವರ್ಷಕ್ಕೊಮ್ಮೆಯಾದ್ರೂ ಆಗಬೇಕು, ಹೇಳದೇ ಬರಬೇಕು. ಎರಡು, ಬಂದ ತಾರೀಖು ಮತ್ತು ಕಂಡಿದ್ದೇನು ಅನ್ನೋದನ್ನು ಬಾಗಿಲ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಅಂಟಿಸಬೇಕು, ಖಾಸಗಿಯಾಗ್ಲಿ ಸರ್ಕಾರಿಯಾಗ್ಲಿ. ಮೂರು, ಸಣ್ಣ ತಪ್ಪಿಗೆ ತಿದ್ದಿಕೊಳ್ಳೋಕೆ ಟೈಮ್ ಕೊಡಿ, ಓದದೇ ಡಾಕ್ಟರ್ ಆದವರಿಗೆ ಬೇಡ. ನಾಲ್ಕನೇದು ಎಲ್ಲಕ್ಕಿಂತ ಮುಖ್ಯ: ಒಂದು ಊರಿನ ಒಂದೇ ದವಾಖಾನೆಗೆ ಬೀಗ ಹಾಕೋ ದಿನವೇ, ಆ ಊರಿಗೆ ರಾತ್ರಿ ಯಾರು ಬರ್ತಾರೆ ಅನ್ನೋದನ್ನೂ ಅದೇ ಆದೇಶದಲ್ಲಿ ಬರೀರಿ. ಇಲ್ಲಾಂದ್ರೆ ಮುಂದಿನ ತಿಂಗಳು ಪಕ್ಕದ ಓಣಿಯಲ್ಲಿ ಅದೇ ಮೊಳೆಗೆ ಅದೇ ಬಾಟ್ಲಿ.

ನಮ್ಮಲ್ಲೊಬ್ಬ ಇದಕ್ಕೆ ಆ್ಯಪ್ ಮಾಡೋಣ ಅಂದ. ಉಳಿದ ಮೂವರು ದಿಂಬು ಎಸೆದ್ವಿ. ಆ್ಯಪ್ ಬೇಡ, ಕಣ್ಣು ಸಾಕು. ಆ ಬೋರ್ಡುಗಳ ಮೇಲಿನ ಡಿಗ್ರಿಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಇರ್ತವೆ. ನಮ್ಮ ಅಜ್ಜಿಯರಿಗೆ ಅದು ಬರೀ ಚಿತ್ರ. ನಮ್ಮ ಇಂಗ್ಲಿಷ್ ಮೀಡಿಯಮ್ಮಿಗೆ ಅವರು ಫೀ ಕಟ್ಟಿದ್ದಾರೆ, ಓದಿ ಹೇಳೋದಾದ್ರೂ ನಮ್ಮ ಕೆಲಸ. ಈ ಸಲ ಊರಿಗೆ ಹೋದಾಗ ದವಾಖಾನೆ ಮುಂದೆ ನಿಂತು ಓದಿ: ನೋಂದಣಿ ಸಂಖ್ಯೆ ಇದೆಯಾ, ಡಾಕ್ಟರ ಹೆಸರು, ಓದು ಏನು, ದರಪಟ್ಟಿ ಎಲ್ಲಿದೆ. ಒಳಗೆ ಹೋದ್ರೆ ಹೊಸ ಸಿರಿಂಜನ್ನು ಎದುರಿಗೇ ಒಡೆಯಿರಿ ಅಂತ ವಿನಯದಿಂದಲೇ ಕೇಳಿ. ಒಳ್ಳೆ ಡಾಕ್ಟರ್ ಸಿಟ್ಟಾಗಲ್ಲ.

ಕೊನೆಗೂ ನಾವು ಜಿಲ್ಲಾ ಆರೋಗ್ಯಾಧಿಕಾರಿಗೆ ಒಂದು ಅರ್ಜಿ ಬರೆದಿದ್ದೇವೆ, ನಾಲ್ವರ ಸಹಿಯೂ ಇದೆ. ಅಜ್ಜಿಗೆ ಫೋನಿನಲ್ಲಿ ಓದಿ ಹೇಳಿದ್ವಿ. ಮೊದಲ ಕೋರಿಕೆ ಆ ಕೋಣೆಯನ್ನು ತಪಾಸಣೆ ಮಾಡಿ ಅಂತ. ಎರಡನೇದು ನಮ್ಮೂರಿಗೆ ರಾತ್ರಿ ಹೊತ್ತು ಓದಿದ ಡಾಕ್ಟರೊಬ್ಬರು ಸಿಗೋ ಹಾಗೆ ಮಾಡಿ ಅಂತ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡನೇದ ಮೊದ್ಲು ಬರೀರಿ" ಅಂದ್ರು. ತಿದ್ದಿ ಬರೆದಿದ್ದೇವೆ.