ಊರು-ಕೇರಿ: ಹೊಲಗಳ ನಡುವೆ ಎದ್ದ ವಲ್ಲಭ ವಿದ್ಯಾನಗರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಊರು ಕಟ್ಟಿ ನೋಡು ಎನ್ನಲಿಲ್ಲ. ಅದು ಅರಸರ ಕೆಲಸ, ಸಾಮಾನ್ಯ ಗೃಹಸ್ಥನ ಕೈಗೆ ಎಟುಕುವುದಲ್ಲವೆಂದು ಅವರು ಭಾವಿಸಿದ್ದಿರಬೇಕು. ಆದರೆ ಅರಸನೂ ಅಲ್ಲದ, ಮಂತ್ರಿಯೂ ಅಲ್ಲದ ಒಬ್ಬ ಇಂಜಿನಿಯರರು ಮುಂದೆ ನಿಂತು ಕಟ್ಟಿಸಿದ ಊರೊಂದು ನಮ್ಮ ಅಹಮದಾಬಾದು-ವಡೋದರಾಗಳ ನಡುವೆಯೇ ಉಂಟು. ರೈಲಿನಲ್ಲಿ ಆಣಂದ ನಿಲ್ದಾಣವನ್ನು ದಾಟುವಾಗ ನಮ್ಮಲ್ಲಿ ಬಹುಮಂದಿ ಅಮುಲ್ ಹಾಲನ್ನು ನೆನೆಯುತ್ತೇವೆ. ಕೆಲವೇ ಮೈಲಿಗಳಾಚೆಯ ವಲ್ಲಭ ವಿದ್ಯಾನಗರವನ್ನು ನೆನೆಯುವವರು ಕಡಿಮೆ. ಎರಡೂ 1946ರಲ್ಲಿ ಹುಟ್ಟಿದ ಅವಳಿಗಳು ಎಂದರೆ ತಪ್ಪಾಗಲಾರದು.

ಆ ಇಂಜಿನಿಯರರ ಹೆಸರು ಭಾಯಿಲಾಲ್‌ಭಾಯಿ ಪಟೇಲ್. ಜನರ ಬಾಯಲ್ಲಿ ಭಾಯಿಕಾಕಾ. ಸಿಂಧೂ ನದಿಗೆ ಕಟ್ಟಿದ ಸುಕ್ಕೂರು ಬ್ಯಾರೇಜಿನ ಕೆಲಸದಲ್ಲಿ ದುಡಿದವರು. ಆಮೇಲೆ ಅಹಮದಾಬಾದಿನ ಮ್ಯುನಿಸಿಪಾಲಿಟಿಯಲ್ಲಿ ಇಂಜಿನಿಯರರಾಗಿದ್ದವರು. ಹಳ್ಳಿಯ ಹುಡುಗರಿಗೆ ಹಳ್ಳಿಯ ಮಗ್ಗುಲಲ್ಲೇ ಉಚ್ಚ ಶಿಕ್ಷಣ ದೊರೆಯಬೇಕೆಂಬುದು ಸರ್ದಾರ್ ವಲ್ಲಭಭಾಯಿ ಪಟೇಲರ ಆಸೆ. ಆ ಆಸೆಯನ್ನು ಹೊತ್ತು 1945ರಲ್ಲಿ ಚಾರುತರ ವಿದ್ಯಾ ಮಂಡಲವು ಸ್ಥಾಪನೆಯಾಯಿತು. ಭಾಯಿಕಾಕಾ ಮತ್ತು ಶಿಕ್ಷಣದ ಕೆಲಸದಲ್ಲಿ ಕೂದಲು ನರೆಸಿದ್ದ ಭೀಖಾಭಾಯಿ ಸಾಹೇಬರು ಅದಕ್ಕೆ ಹೆಗಲು ಕೊಟ್ಟರು.

ಆಸೆಯೇನೋ ಇತ್ತು, ನೆಲವೆಲ್ಲಿ? ಚರೋತರ ಸೀಮೆಯ ಮಣ್ಣು ಬಂಗಾರ. ಅಲ್ಲಿ ಹೊಗೆಸೊಪ್ಪು ಬೆಳೆಯುವ ರೈತ ಒಂದು ಗೇಣು ನೆಲವನ್ನೂ ಸುಮ್ಮನೆ ಬಿಟ್ಟುಕೊಡುವವನಲ್ಲ. ಹಣ ಕೊಟ್ಟು ಕೊಳ್ಳಲು ಮಂಡಲದ ಬೊಕ್ಕಸ ಬರಿದು. ಆಗ ಅವರು ಕರಮಸದ, ಬಾಕರೋಲ ಗ್ರಾಮಗಳ ರೈತರ ಮುಂದೆ ಒಂದು ಮಾತನ್ನಿಟ್ಟರು: “ನಿಮ್ಮ ಹೊಲಗಳನ್ನು ಮಂಡಲಕ್ಕೆ ಕೊಡಿ. ನಾವು ರಸ್ತೆ, ನೀರು, ಚರಂಡಿ ಮಾಡಿಸುತ್ತೇವೆ. ಕಾಲೇಜುಗಳಿಗೆ ಬೇಕಾದಷ್ಟನ್ನು ಇರಿಸಿಕೊಂಡು ಒಂದು ಭಾಗವನ್ನು ನಿವೇಶನಗಳಾಗಿ ನಿಮಗೇ ಹಿಂದಿರುಗಿಸುತ್ತೇವೆ.” ಇದೇ ಆ ಮಾತಿನ ತಿರುಳು. ಕೊಟ್ಟ ನೆಲಕ್ಕಿಂತ ಮರಳಿ ಬರುವ ನೆಲ ಕಡಿಮೆ, ನಿಜ. ಆದರೆ ಹೊಲದ ಬೆಲೆಗೂ ಊರೊಳಗಿನ ನಿವೇಶನದ ಬೆಲೆಗೂ ಇರುವ ಅಂತರವನ್ನು ರೈತನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರೈತರು ಒಪ್ಪಿದರು, ಊರು ಎದ್ದಿತು.

ಮುಂದಿನದು ಬೇಗ ಬೇಗ ನಡೆಯಿತು. 1947ರಲ್ಲಿ ವಿಜ್ಞಾನ ಕಾಲೇಜು. 1948ರ ಜೂನ್‌ನಲ್ಲಿ ಬಿರ್ಲಾ ವಿಶ್ವಕರ್ಮ ಮಹಾವಿದ್ಯಾಲಯವೆಂಬ ಇಂಜಿನಿಯರಿಂಗ್ ಕಾಲೇಜು. ಅದನ್ನು ಉದ್ಘಾಟಿಸಿದವರು ಲಾರ್ಡ್ ಮೌಂಟ್‌ಬ್ಯಾಟನ್. 1955ರಲ್ಲಿ ವಿಶ್ವವಿದ್ಯಾಲಯವೇ ಸ್ಥಾಪನೆಯಾಗಿ, ಇಂದು ಸರ್ದಾರ್ ಪಟೇಲ್ ವಿಶ್ವವಿದ್ಯಾಲಯವೆಂದು ಹೆಸರಾಗಿದೆ. ಹತ್ತು ವರ್ಷಗಳ ಹಿಂದೆ ನೇಗಿಲು ಸಾಗುತ್ತಿದ್ದ ನೆಲದಲ್ಲಿ ಪದವಿ ಪ್ರದಾನ! ಚರೋತರದ ಜನರೂ ನಮ್ಮಂತೆಯೇ ಊರು ಬಿಟ್ಟು ದುಡಿಯಲು ಹೋದವರು. ಪೂರ್ವ ಆಫ್ರಿಕ, ಇಂಗ್ಲೆಂಡು, ಅಮೆರಿಕಗಳಲ್ಲಿ ಅವರ ಮನೆಗಳಿಲ್ಲದ ಪಟ್ಟಣ ವಿರಳ.

ಅಮೆರಿಕದ ಮಾತು ಬಂದಿತಾದ್ದರಿಂದ ಅಲ್ಲಿನ ಒಂದು ಹೋಲಿಕೆ. ಅದೇ 1947ರಲ್ಲಿ ನ್ಯೂಯಾರ್ಕಿನ ಹೊರಗೆ, ಲಾಂಗ್ ಐಲೆಂಡಿನ ಆಲೂಗಡ್ಡೆ ಹೊಲಗಳಲ್ಲಿ, ಲೆವಿಟ್‌ಟೌನ್ ಎಂಬ ಬಡಾವಣೆ ತಲೆಯೆತ್ತಿತು. ಹೊಲವನ್ನು ಕೊಂಡದ್ದು, ಮನೆ ಕಟ್ಟಿದ್ದು, ಮಾರಿದ್ದು ಎಲ್ಲ ಒಂದೇ ಕಂಪನಿ. 1951ರ ಹೊತ್ತಿಗೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ 17 ಸಾವಿರಕ್ಕೂ ಹೆಚ್ಚು ಮನೆಗಳು. ಯುದ್ಧದಿಂದ ಮರಳಿದ ಸೈನಿಕರಿಗೆ ಸುಲಭ ಬೆಲೆಗೆ ಸೂರು ಸಿಕ್ಕಿತು, ಒಳ್ಳೆಯದೇ ಆಯಿತು. ಆದರೆ ಕರಿಯ ಜನಾಂಗದವರಿಗೆ ಅಲ್ಲಿ ಮನೆಯಿಲ್ಲವೆಂದು ಕರಾರುಪತ್ರದಲ್ಲೇ ಬರೆದಿತ್ತು. ಊರು ಎಷ್ಟು ಚೆಂದವಾಗಿದೆ ಎಂಬುದಕ್ಕಿಂತ ಅದರೊಳಗೆ ಯಾರಿಗೆ ಜಾಗವುಂಟು ಎಂಬುದೇ ದೊಡ್ಡ ಪ್ರಶ್ನೆಯಲ್ಲವೆ?

ನಮ್ಮ ಕಡೆಯ ಪದ್ಧತಿ ಹೇಗೆ? ಪ್ಲೇಗು ಬಂದ 1898ರ ಸುಮಾರಿನಲ್ಲಿ ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳು ಬೆಳೆದವು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಿತು. ಅಗಲವಾದ ಬೀದಿ, ಸಾಲುಮರ, ಉದ್ಯಾನ. ಊರೆಂದರೆ ಹೀಗಿರಬೇಕು ಎನಿಸುವಂಥವು. ಆದರೆ ಬೆಂಗಳೂರಿನಲ್ಲಿ ಬೇರೂರಿದ ಕ್ರಮವೆಂದರೆ ಸರ್ಕಾರವೇ ರೈತನ ಭೂಮಿಯನ್ನು ವಶಪಡಿಸಿಕೊಂಡು, ಪರಿಹಾರ ಕೊಟ್ಟು, ಸೈಟುಗಳನ್ನು ಹಂಚುವುದು. ಪರಿಹಾರದ ಹಣ ಮದುವೆ-ಮುಂಜಿಗಳಲ್ಲಿ ಕರಗುತ್ತದೆ; ರೈತ ತನ್ನ ಹೊಲದ ಮೇಲೆ ಎದ್ದ ಬಂಗಲೆಗಳನ್ನು ಹೊರಗಿನಿಂದ ನೋಡುತ್ತಾನೆ. 2003ರಲ್ಲಿ ಪ್ರಕಟಣೆಯಾದ ಅರ್ಕಾವತಿ ಬಡಾವಣೆಯ ವ್ಯಾಜ್ಯಗಳು ಎಷ್ಟು ವರ್ಷ ಎಳೆದವೆಂಬುದನ್ನು, ಸೈಟಿಗೆ ಹಣ ಕಟ್ಟಿ ಕಾದ ನಮ್ಮ ನಂಟರಿಷ್ಟರೇ ಬಲ್ಲರು.

ಗುಜರಾತಿನಲ್ಲಿ ಹೆಚ್ಚಾಗಿ ನಡೆದುಬಂದದ್ದು ಟೌನ್ ಪ್ಲಾನಿಂಗ್ ಸ್ಕೀಮು. ಅದರ ಮೂಲ 1915ರ ಮುಂಬಯಿ ಕಾಯಿದೆಯಲ್ಲಿದೆ. ಈಗಿನದು 1976ರ ಗುಜರಾತ್ ಕಾಯಿದೆ. ಲೆಕ್ಕ ಸರಳ. ಒಂದು ಸ್ಕೀಮಿನೊಳಗಿನ ಹೊಲಗಳನ್ನೆಲ್ಲ ನಕ್ಷೆಯ ಮೇಲೆ ಒಟ್ಟುಗೂಡಿಸುತ್ತಾರೆ. 100ರಲ್ಲಿ ಹೆಚ್ಚುಕಡಿಮೆ 15 ಪಾಲು ರಸ್ತೆಗೆ, 5 ಪಾಲು ಉದ್ಯಾನ-ಬಯಲುಗಳಿಗೆ, 5 ಪಾಲು ಶಾಲೆ-ದವಾಖಾನೆಗಳಿಗೆ, 15 ಪಾಲು ಮಾರಿ ಖರ್ಚು ತುಂಬಿಸುವುದಕ್ಕೆ. ಉಳಿದದ್ದು ಮಾಲೀಕರಿಗೇ. 10 ಗುಂಟೆಯವನಿಗೆ ಸುಮಾರು 6 ಗುಂಟೆ, ಅದೂ ಚೊಕ್ಕ ಚೌಕವಾಗಿ, ರಸ್ತೆಗೆ ಮುಖವಾಗಿ ಬರುವುದು. ಅಹಮದಾಬಾದನ್ನು ಸುತ್ತುವ 76 ಕಿಲೋಮೀಟರಿನ ಸರ್ದಾರ್ ಪಟೇಲ್ ರಿಂಗ್ ರೋಡಿಗೂ ಬಹುಮಟ್ಟಿಗೆ ಹೀಗೆಯೇ ನೆಲ ಒದಗಿತು. ಥಲತೇಜ್, ಬೋಡಕ್‌ದೇವ್‌ಗಳಲ್ಲಾಗಲಿ ಸೂರತ್ತಿನ ಅಡಾಜಣದಲ್ಲಾಗಲಿ ಮನೆ ಕೊಂಡ ಬಂಧುಗಳು ತಮ್ಮ ದಸ್ತಾವೇಜನ್ನು ತೆಗೆದು ನೋಡಲಿ. ಅಲ್ಲಿ ‘ಟಿ.ಪಿ. ನಂಬರು’, ‘ಎಫ್.ಪಿ. ನಂಬರು’ ಎಂದು ಬರೆದಿದ್ದರೆ, ಆ ಎಫ್.ಪಿ.ಯೇ ಫೈನಲ್ ಪ್ಲಾಟು: ಯಾವನೋ ರೈತ ಕೊಟ್ಟು, ಕಳೆದು, ಮರಳಿ ಪಡೆದ ನೆಲ.

ಈ ಪದ್ಧತಿಯಲ್ಲಿ ಕುಂದಿಲ್ಲವೆಂದಲ್ಲ. ನೆಲ ಮರಳುವುದು ಪಹಣಿಯಲ್ಲಿ ಹೆಸರಿದ್ದವನಿಗೆ ಮಾತ್ರ. ಆ ಹೊಲದಲ್ಲಿ ಕಳೆ ಕಿತ್ತ ಕೂಲಿಯವಳಿಗೆ, ಬದುವಿನಲ್ಲಿ ಗುಡಿಸಲು ಹಾಕಿದವನಿಗೆ ಎಫ್.ಪಿ. ನಂಬರು ಎಲ್ಲಿಂದ ಬರಬೇಕು? ಸ್ಕೀಮು ಮಂಜೂರಾಗಲು ವರ್ಷಗಳೇ ಹಿಡಿಯುವುದೂ ಉಂಟು. ಅಷ್ಟರಲ್ಲಿ ಉದ್ಯಾನಕ್ಕೆಂದು ಗುರುತಿಸಿದ ಜಾಗದಲ್ಲಿ ಮತ್ತಾರದೋ ಗೋಡೆ ಎದ್ದಿರುತ್ತದೆ. ಆದ್ದರಿಂದ ಮನೆ ಕೊಳ್ಳುವವರು ಅಡುಗೆಮನೆಯ ಕಟ್ಟೆಯನ್ನೂ ಬಾಲ್ಕನಿಯನ್ನೂ ನೋಡಿ ತೃಪ್ತರಾಗದೆ, ಸ್ಕೀಮು ಯಾವ ಹಂತದಲ್ಲಿದೆ, ಶಾಲೆಗೂ ತೋಟಕ್ಕೂ ಬಿಟ್ಟ ಜಾಗ ಯಾವುದು ಎಂದು ಕೇಳಿ ತಿಳಿಯುವುದು ಲೇಸು. ತಿಳಿದವರು ಮುಂದೆ ಆ ಜಾಗವನ್ನು ಕಾಯಲೂ ಬಲ್ಲರು.

ವಿದ್ಯಾನಗರ ಈಗ ಹಳೆಯ ಪುಟ್ಟ ಊರಾಗಿ ಉಳಿದಿಲ್ಲ. 2025ರಲ್ಲಿ ಅದು ಆಣಂದ, ಕರಮಸದಗಳೊಡನೆ ಕರಮಸದ-ಆಣಂದ ಮಹಾನಗರಪಾಲಿಕೆಗೆ ಸೇರಿಹೋಯಿತು. ಹೆಸರು, ಎಲ್ಲೆ, ಅಧಿಕಾರ ಬದಲಾಗುವುದು ಊರುಗಳಿಗೆ ಹೊಸದಲ್ಲ. ಆದರೆ ಕೊಟ್ಟವನಿಗೆ ಮರಳಿ ಕೊಡುತ್ತೇವೆಂಬ ಮಾತಿನ ಮೇಲೆ ಎದ್ದ ಊರೆಂಬ ಹಿರಿಮೆ ಅದಕ್ಕೆ ಸಲ್ಲಬೇಕು. ಪರಸ್ಥಳದಲ್ಲಿ ನೆಲೆ ಕಂಡುಕೊಂಡ ನಮಗೆ ಆ ಮಾತಿನ ಬೆಲೆ ಹೆಚ್ಚಾಗಿಯೇ ತಿಳಿಯಬೇಕು. ನಾವು ಬಾಳುವ ಮನೆಗಳ ಅಡಿಯಲ್ಲಿಯೂ ಒಬ್ಬೊಬ್ಬರ ಹೊಲವುಂಟು. ಮುಂದಿನ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಆಣಂದದಲ್ಲಿ ಇಳಿಯಿರಿ. ಹಾಲಿನ ಡೇರಿಯನ್ನು ನೋಡಿದ ಮೇಲೆ ವಿದ್ಯಾನಗರದ ಬೀದಿಗಳಲ್ಲಿಯೂ ಒಂದು ಗಳಿಗೆ ನಡೆದು ಬನ್ನಿ.